ದುಡ್ಡು ಕೊಟ್ಟು ಕಾಡು ಸುತ್ತಿದ್ದು: ಸ್ಟಾಕ್‌ಹೋಮಿನ ಹಿಮದಲ್ಲಿ ಓರಿಯಂಟೀರಿಂಗ್

ಕಳೆದ ಭಾನುವಾರ ಸ್ಟಾಕ್‌ಹೋಮ್ ಪಕ್ಕದ ನಕ್ಕಾ ಕಾಡಿನಲ್ಲಿ ಒಂದು ಓರಿಯಂಟೀರಿಂಗ್ ಸ್ಪರ್ಧೆ ಮುಗಿಸಿ ಬಂದೆ. ಮೀನಖಂಡ ಇನ್ನೂ ಹಿಡಿದುಕೊಂಡೇ ಇದೆ. ನೆನಪು ಹಸಿಯಾಗಿರುವಾಗಲೇ ಬರೆದುಬಿಡೋಣ ಅನ್ನಿಸಿತು. ಕೆಲಸಕ್ಕೆ, ಓದಿಗೆ ಅಂತ ಸ್ವೀಡನ್ನಿಗೆ ಬಂದಿರುವ ಕನ್ನಡದವರು ಈಗ ಕಮ್ಮಿ ಏನಿಲ್ಲ. ಆಫೀಸಿನಲ್ಲಿ ಯಾರಾದರೂ ಒಬ್ಬರು "ನೀನೂ ಬಾ, ಕಾಡಲ್ಲಿ ಓಡೋದು ಅಷ್ಟೇ" ಅಂತ ಕರೆದೇ ಕರೆಯುತ್ತಾರೆ. ಏನೇನು ಬೇಕು, ಎಲ್ಲೆಲ್ಲಿ ಕಾಯಬೇಕು, ಎಲ್ಲಿ ಕಾಲು ಹೂತುಹೋಗುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಕೈಗೆ ಒಂದು ನಕ್ಷೆ ಕೊಡುತ್ತಾರೆ. ಅದರ ಮೇಲೆ ನೇರಳೆ ಬಣ್ಣದ ವೃತ್ತಗಳಿರುತ್ತವೆ, 1, 2, 3 ಅಂತ ಕ್ರಮವಾಗಿ. ವೃತ್ತದ ನಡುಮಧ್ಯಕ್ಕೆ ಸರಿಯಾಗಿ ಕಾಡಿನಲ್ಲಿ ಕಿತ್ತಳೆ-ಬಿಳಿ ಬಟ್ಟೆಯ ಗುರುತೊಂದು ನೇತಾಡುತ್ತಿರುತ್ತದೆ. ಅದೇ ಕಂಟ್ರೋಲ್. ಒಂದಾದ ಮೇಲೊಂದು ಅವನ್ನು ಹುಡುಕಿಕೊಂಡು ಹೋಗಬೇಕು. ನಡುವೆ ಯಾವ ದಾರಿ ಹಿಡಿಯುತ್ತೀರೋ ನಿಮಗೆ ಬಿಟ್ಟಿದ್ದು. ನಕ್ಷೆ, ಕಂಪಾಸ್ ಬಿಟ್ಟರೆ ಬೇರೆ ಸಹಾಯ ಇಲ್ಲ. ಫೋನಿನಲ್ಲಿ ದಾರಿ ನೋಡುವ ಹಾಗಿಲ್ಲ. ಕಮ್ಮಿ ಹೊತ್ತಲ್ಲಿ ಮುಗಿಸಿದವರು ಗೆದ್ದರು.

ಆಟ ಹುಟ್ಟಿದ್ದೇ ಈ ಕಡೆ. 19ನೇ ಶತಮಾನದ ಕೊನೆಯಲ್ಲಿ ಸ್ವೀಡನ್, ನಾರ್ವೆಯ ಸೈನಿಕರಿಗೆ ಇದು ತರಬೇತಿಯಾಗಿತ್ತು. 1919ರಲ್ಲಿ ಎರ್ನ್ಸ್ಟ್ ಕಿಲಾಂಡರ್ ಅನ್ನೋ ಸೇನಾಧಿಕಾರಿ ಸ್ಟಾಕ್‌ಹೋಮಿನ ಹೊರಗೆ, ಇದೇ ನಕ್ಕಾ ಕಡೆಯ ಕಾಡಿನಲ್ಲಿ, ದೊಡ್ಡ ಸ್ಪರ್ಧೆ ನಡೆಸಿದರು. 220 ಜನ ಓಡಿದರು. ಈಗಿನ ರೂಪದ ಓರಿಯಂಟೀರಿಂಗ್ ಶುರುವಾಗಿದ್ದು ಅಲ್ಲಿಂದ ಅಂತ ಇಲ್ಲಿನವರು ಲೆಕ್ಕ ಹಾಕುತ್ತಾರೆ.

ಅಮ್ಮನಿಗೆ ಫೋನಲ್ಲಿ ಇಷ್ಟನ್ನು ವಿವರಿಸಿದೆ. "ಏನೇ ಇದು, ದುಡ್ಡು ಕೊಟ್ಟು ದಾರಿ ತಪ್ಪಿಸ್ಕೊಳ್ಳೋಕೆ ಹೋಗ್ತೀಯಾ? ಅದೂ ಆ ಹಿಮದಲ್ಲಿ?" ಅಂದಳು. ನಮ್ಮದು ತೀರ್ಥಹಳ್ಳಿ ಕಡೆ. ಅವಳ ಪ್ರಕಾರ ಕಾಡಿಗೆ ಹೋಗುವುದು ಸೌದೆಗೆ, ಅಣಬೆಗೆ, ಇಲ್ಲಾ ಕಳೆದುಹೋದ ದನ ಹುಡುಕುವುದಕ್ಕೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಓರಿಯಂಟೀರಿಂಗಿನ ನಿಜವಾದ ಸೀಸನ್ ಏಪ್ರಿಲಿನಿಂದ ಅಕ್ಟೋಬರ್. ಚಳಿಗಾಲದಲ್ಲಿ ಕ್ಲಬ್ಬುಗಳು ಮೈ ಜಡ್ಡುಗಟ್ಟದಿರಲಿ ಅಂತ ವಾರಾಂತ್ಯಕ್ಕೆ ಸಣ್ಣ ಸ್ಪರ್ಧೆಗಳನ್ನು ಇಡುತ್ತವೆ. ಬರುವವರು ಬಹುಪಾಲು ಪಳಗಿದವರು. ತೀರಾ ಹೊಸಬರು ಮೇ ತಿಂಗಳಿಗೆ ಕಾಯುವುದೇ ಒಳ್ಳೆಯದು. ನಾನು ಬೇಸಿಗೆ ಮತ್ತು ಶರತ್ಕಾಲದಲ್ಲಿ ಸುಲಭದ ಓಟಗಳನ್ನು ಮಾಡಿ, ಆಮೇಲೆ ಇದಕ್ಕೆ ಕೈ ಹಾಕಿದೆ. ಆದರೂ ಫೆಬ್ರವರಿಯ ಕಾಡು ಪೂರ್ತಿ ಬೇರೆಯೇ.

ಹೆಸರು ಕೊಡುವುದು ಮೊದಲ ತೊಡಕು. ಸ್ಪರ್ಧೆಗಳೆಲ್ಲ ಇವೆಂಟೋರ್ ಅನ್ನೋ ಜಾಲತಾಣದಲ್ಲಿ ಸಿಗುತ್ತವೆ, ಸ್ವೀಡನ್ನಿನ ಓರಿಯಂಟೀರಿಂಗ್ ಒಕ್ಕೂಟದ್ದು. ವಯಸ್ಸಿನ ಪ್ರಕಾರ ಇರುವ ಕ್ಲಾಸುಗಳಲ್ಲಿ ಓಡಬೇಕು ಅಂದರೆ ಯಾವುದಾದರೂ ಕ್ಲಬ್ಬಿನ ಸದಸ್ಯರಾಗಿರಬೇಕು. ಸದಸ್ಯರಲ್ಲದವರಿಗೆ ಓಪನ್ ಕ್ಲಾಸ್ ಇರುತ್ತದೆ, ಬಹಳಷ್ಟು ಕಡೆ ಆ ದಿನ ಅಲ್ಲೇ ಹೋಗಿ ಹೆಸರು ಕೊಟ್ಟರೂ ನಡೆಯುತ್ತದೆ. ಅಚ್ಚು ಹಾಕಿಸಿದ ನಕ್ಷೆಗಳು ಇರುವ ತನಕ ಮಾತ್ರ, ಅದು ನೆನಪಿರಲಿ. ಪಾಸ್‌ಪೋರ್ಟು, ಡಾಕ್ಟರ ಸರ್ಟಿಫಿಕೇಟು ಯಾವುದೂ ಕೇಳಲಿಲ್ಲ. ಮ್ಯಾರಥಾನಿಗೆ ಕೊಡುವ ಕಾಗದಗಳನ್ನೆಲ್ಲ ಜೋಡಿಸಿಕೊಂಡು ಹೋಗಬೇಕಾಗಿಲ್ಲ.

ಕಷ್ಟದ ಮಟ್ಟವನ್ನು ಬಣ್ಣದಲ್ಲಿ ಹೇಳುತ್ತಾರೆ. ಸುಲಭದ್ದು ಹಸಿರು, ಆಮೇಲೆ ಬಿಳಿ, ಹಳದಿ, ಕಿತ್ತಳೆ, ನೇರಳೆ, ನೀಲಿ, ಕೊನೆಗೆ ಕಪ್ಪು. ಹಳದಿಯವರೆಗೆ ಕಾಲುದಾರಿ, ಬೇಲಿ, ತೋಡು ಹಿಡಿದುಕೊಂಡು ಹೋಗಬಹುದು. ಅದರ ಮೇಲೆ ಕಾಡಿನ ಒಳಕ್ಕೆ ನುಗ್ಗಲೇಬೇಕು. ನಾನು ತಗೊಂಡಿದ್ದು ನೇರಳೆ, 4.2 ಕಿಲೋಮೀಟರು. ಈ ಅಂಕಿ ನೋಡಿ ಮೋಸ ಹೋಗಬೇಡಿ. ಅದು ಕಂಟ್ರೋಲಿನಿಂದ ಕಂಟ್ರೋಲಿಗೆ ನೇರ ಗೆರೆ ಎಳೆದು ಅಳೆದಿದ್ದು. ಹಕ್ಕಿಗೆ 4.2, ನನಗೆ 7ರ ಹತ್ತಿರ ಆಯಿತು.

ದುಡ್ಡು ಕಟ್ಟುವುದು ಇನ್ನೊಂದು ತಾಪತ್ರಯ. ಓಟಕ್ಕೆ 120 ಕ್ರೋನಾ, ಬೆರಳಿಗೆ ಹಾಕಿಕೊಳ್ಳುವ ಚಿಪ್ಪಿನ ಬಾಡಿಗೆ 40. ದೊಡ್ಡ ಮೊತ್ತವೇನಲ್ಲ. ಆದರೆ ತಗೊಳ್ಳುವುದು ಫೋನಿನಿಂದ ದುಡ್ಡು ಕಳಿಸುವ ಇಲ್ಲಿನ ಆ್ಯಪ್ ಸ್ವಿಶ್‌ನಲ್ಲಿ ಮಾತ್ರ. ಸ್ವಿಶ್ ಬೇಕು ಅಂದರೆ ಇಲ್ಲಿನ ಬ್ಯಾಂಕ್ ಖಾತೆ ಬೇಕು, ಬ್ಯಾಂಕ್ ಐಡಿ ಅನ್ನೋ ಡಿಜಿಟಲ್ ಗುರುತು ಬೇಕು, ಅದಕ್ಕೆ ಮೊದಲು ಇಲ್ಲಿನ ಗುರುತಿನ ಸಂಖ್ಯೆಯಾದ ಪರ್ಸನ್‌ನಂಬರ್ ಬಂದಿರಬೇಕು. ಹೊಸದಾಗಿ ಬಂದವರಿಗೆ ಈ ಸರಪಳಿ ಮುಗಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ನನ್ನ ಜೊತೆ ಬಂದಿದ್ದ ಹಾಸನದ ಗೆಳತಿ ನೋಟು ಹಿಡಿದುಕೊಂಡು ಮೇಜಿನ ಮುಂದೆ ನಿಂತಿದ್ದಳು, ತಗೊಳ್ಳುವವರೇ ಇಲ್ಲ. "ಹೋಗ್ಲಿ ಬಿಡೇ, ನಾನು ಕಟ್ತೀನಿ, ಆಮೇಲೆ ಕೊಡು" ಅಂದೆ. ಒಬ್ಬರೇ ಹೋಗುವುದಾದರೆ ಮೊದಲೇ ಮೇಲ್ ಹಾಕಿ ಕೇಳಿಕೊಳ್ಳಿ.

ಚಿಪ್ ಅಂದೆನಲ್ಲ, ಅದೊಂದು ಸಣ್ಣ ಪ್ಲಾಸ್ಟಿಕ್ ಕಡ್ಡಿ. ಕಂಟ್ರೋಲ್ ಸಿಕ್ಕಾಗ ಅಲ್ಲಿರುವ ಪೆಟ್ಟಿಗೆಯ ತೂತಿಗೆ ಅದನ್ನು ತೂರಿಸಬೇಕು, ಬೀಪ್ ಅನ್ನುತ್ತದೆ, ಕೆಂಪು ದೀಪ ಮಿನುಗುತ್ತದೆ, ನಿಮ್ಮ ಹೊತ್ತು ದಾಖಲಾಗುತ್ತದೆ. ಬಾಡಿಗೆಗೆ ತಗೊಂಡಿದ್ದನ್ನು ಕಳೆದರೆ ಪೂರ್ತಿ ಬೆಲೆ ಕಟ್ಟಬೇಕು. ಹಿಮದಲ್ಲಿ ಬಿದ್ದರೆ ಸಿಗುವ ಮಾತೇ ಇಲ್ಲ. ಅದಕ್ಕೊಂದು ಎಲಾಸ್ಟಿಕ್ ಪಟ್ಟಿ ಇರುತ್ತದೆ. ಕೈಗವಸಿನ ಮೇಲೆಯೇ ಬಿಗಿಯಾಗಿ ಸಿಕ್ಕಿಸಿಕೊಳ್ಳಿ, ಒಳಗಲ್ಲ.

ಕಂಪಾಸಿನ ವಿಷಯ ನಾನು ಕನಸಲ್ಲೂ ಎಣಿಸಿರಲಿಲ್ಲ. ಬೆಂಗಳೂರಲ್ಲಿದ್ದಾಗ ಚಾರಣಕ್ಕೆ ಅಂತ ಕೊಂಡಿದ್ದ ಕಂಪಾಸ್ ಒಂದಿತ್ತು. ಇಲ್ಲಿಗೆ ತಂದರೆ ಅದರ ಸೂಜಿ ತಿರುಗುವುದೇ ಇಲ್ಲ. ಉತ್ತರದ ತುದಿ ಕೆಳಕ್ಕೆ ಬಾಗಿ ತಳಕ್ಕೆ ಉಜ್ಜುತ್ತದೆ. ಹಾಳಾಗಿದೆ ಅಂದುಕೊಂಡೆ. ಕ್ಲಬ್ಬಿನ ತರಬೇತುದಾರರು ನೋಡಿ ನಕ್ಕರು. ಭೂಮಿಯ ಕಾಂತಕ್ಷೇತ್ರ ಬೆಂಗಳೂರಿನಲ್ಲಿ ಹೆಚ್ಚು ಕಮ್ಮಿ ನೆಲಕ್ಕೆ ಸಮನಾಗಿರುತ್ತದೆ, ಉತ್ತರಕ್ಕೆ ಬಂದಷ್ಟೂ ನೆಲದೊಳಕ್ಕೆ ಇಳಿಜಾರಾಗುತ್ತದೆ. ಹಾಗಾಗಿ ಕಂಪಾಸ್ ಮಾಡುವವರು ಪ್ರಪಂಚವನ್ನು ವಲಯಗಳಾಗಿ ಹಂಚಿಕೊಂಡು, ಆಯಾ ವಲಯಕ್ಕೆ ತಕ್ಕಂತೆ ಸೂಜಿಯ ತೂಕ ಸರಿಮಾಡಿರುತ್ತಾರೆ. ನಮ್ಮೂರಿನ ಕಂಪಾಸನ್ನು ನಂಬಿಕೊಂಡು ಬರಬೇಡಿ. ಇಲ್ಲಿ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುವ ಬಗೆಯದು ಸಿಗುತ್ತದೆ, ಎಡಗೈಯಲ್ಲಿ ನಕ್ಷೆಯ ಜೊತೆಗೇ ಹಿಡಿಯಬಹುದು. ಒಂದು ಸಮಾಧಾನ: ಈ ನಕ್ಷೆಗಳಲ್ಲಿ ಉತ್ತರದ ಗೆರೆಗಳನ್ನು ಕಾಂತೀಯ ಉತ್ತರಕ್ಕೇ ಎಳೆದಿರುತ್ತಾರೆ. ಕೂಡುವ ಕಳೆಯುವ ಲೆಕ್ಕ ಇಲ್ಲ.

ಶೂ ಮಾತ್ರ ಉಳಿಸಲು ಹೋಗಬೇಡಿ. ತಳದಲ್ಲಿ ಲೋಹದ ಮೊಳೆ ಇರುವುದೇ ಬೇಕು. ನಕ್ಕಾ ಕಾಡಿನ ತುಂಬ ಬೋಳು ಬಂಡೆ. ಬಂಡೆಯ ಮೇಲೆ ತೆಳುವಾದ ಮಂಜುಗಡ್ಡೆ, ಅದರ ಮೇಲೆ ಪುಡಿ ಹಿಮ. ಸಾದಾ ಓಟದ ಶೂ ಹಾಕಿಕೊಂಡು ಬಂದರೆ ಮೊದಲ ಇಳಿಜಾರಿನಲ್ಲೇ ಕತೆ ಮುಗಿಯಿತು. ಹೊಸದಕ್ಕೆ 1,500 ಕ್ರೋನಾ ಆಸುಪಾಸು. ನನಗೆ ಕ್ಲಬ್ಬಿನವರೊಬ್ಬರ ಹಳೆಯದು 500ಕ್ಕೆ ಸಿಕ್ಕಿತು. ಬಟ್ಟೆಯಲ್ಲಿ ಹತ್ತಿ ಬೇಡವೇ ಬೇಡ, ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿ ನಡುಗಿಸುತ್ತದೆ. ಒಳಗೆ ತೆಳು ಉಣ್ಣೆ, ಮೇಲೆ ತೆಳು ನೈಲಾನ್, ಮೊಣಕಾಲ ಕೆಳಗೆ ಗೇಟರ್, ಅಂದರೆ ಕಾಲಿನ ಹೊದಿಕೆ. ನಿಂತಾಗ ಚಳಿಯಾಗಬೇಕು, ಅಷ್ಟೇ ಬಟ್ಟೆ ಸಾಕು. ದಪ್ಪ ಜಾಕೆಟ್ ಹಾಕಿಕೊಂಡು ಓಡಿದವರು ಹತ್ತು ನಿಮಿಷದಲ್ಲಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು.

ಇಷ್ಟೆಲ್ಲಕ್ಕಿಂತ ಹೆಚ್ಚಿಗೆ ಉಪಯೋಗಕ್ಕೆ ಬಂದಿದ್ದು ಜನವರಿಯಲ್ಲಿ ಕ್ಲಬ್ಬಿನ ಕೋಣೆಯಲ್ಲಿ ಕೂತು ಮಾಡಿದ ಒಂದು ಅಭ್ಯಾಸ. ಓರಿಯಂಟೀರಿಂಗ್ ನಕ್ಷೆಯಲ್ಲಿ ಬಣ್ಣಕ್ಕೊಂದು ಅರ್ಥ. ನೀಲಿ ನೀರು, ಕಪ್ಪು ಬಂಡೆ ಮತ್ತು ದಾರಿ, ಹಳದಿ ಬಯಲು, ಹಸಿರು ಅಂದರೆ ನುಗ್ಗಲು ಕಷ್ಟವಾದ ದಟ್ಟ ಕಾಡು. ಬಿಳಿ ಅಂದರೆ ಖಾಲಿ ಜಾಗ ಅಲ್ಲ, ಓಡಲು ಬರುವ ಕಾಡು. ಕಂದು ಗೆರೆಗಳು ನೆಲದ ಏರಿಳಿತ, ಕಾಂಟೂರ್. ಒಂದು ಗೆರೆಯಿಂದ ಇನ್ನೊಂದಕ್ಕೆ 5 ಮೀಟರ್ ಎತ್ತರ. ತರಬೇತುದಾರರು ನಮಗೆ ಕೊಟ್ಟ ನಕ್ಷೆಯಲ್ಲಿ ಕಂದು ಬಿಟ್ಟು ಮಿಕ್ಕ ಬಣ್ಣವನ್ನೆಲ್ಲ ಅಳಿಸಿದ್ದರು. ದಾರಿ ಇಲ್ಲ, ಬಂಡೆ ಇಲ್ಲ, ಜವುಗು ಇಲ್ಲ. "ಹಿಮ ಬಿದ್ದ ಮೇಲೆ ನಿಮಗೆ ಉಳಿಯುವ ನಕ್ಷೆ ಇದು" ಅಂದರು. ಆಗ ಅರ್ಧ ಅರ್ಥವಾಯಿತು. ಉಳಿದರ್ಧ ಕಾಡಿನಲ್ಲಿ.

ಭಾನುವಾರ ಬೆಳಗ್ಗೆ ಸ್ಲುಸೆನ್‌ನಿಂದ ಹೆಲಾಸ್‌ಗೋರ್ಡೆನ್ ಕಡೆಗೆ ಬಸ್ಸು. ಮೈನಸ್ 6 ಡಿಗ್ರಿ. ಹೆಲಾಸ್‌ಗೋರ್ಡೆನ್ ಅಂದರೆ ಸರೋವರದ ದಂಡೆಯಲ್ಲಿರುವ ಹೊರಾಂಗಣ ಕೇಂದ್ರ. ಜನ ಸೌನಾದಲ್ಲಿ ಕೂತು ಬೆವತು, ಐಸಿನಲ್ಲಿ ಕೊರೆದ ತೂತಿಗೆ ಇಳಿದು ಮುಳುಗು ಹಾಕಿ ಬರುವ ಜಾಗ. ಅವರನ್ನು ನೋಡಿದ ಮೇಲೆ ನಾನು ಮಾಡಲು ಹೊರಟಿದ್ದು ಅಂಥ ಹುಚ್ಚೇನಲ್ಲ ಅನ್ನಿಸಿತು.

ಸ್ಪರ್ಧೆಗೆ ಎರಡು ಮೂರು ದಿನ ಮುಂಚೆ ಪಿಎಂ ಅಂತ ಒಂದು ಸೂಚನಾ ಕಾಗದ ಹಾಕುತ್ತಾರೆ. ಸ್ವೀಡಿಷ್‌ನಲ್ಲಿ ಇರುತ್ತದೆ, ಅನುವಾದ ಮಾಡಿಕೊಂಡಾದರೂ ಪೂರ್ತಿ ಓದಿ. ನಮ್ಮದರಲ್ಲಿ ಮೂರು ಮುಖ್ಯ ವಿಷಯ ಇತ್ತು. ಸರೋವರದ ಐಸಿನ ಮೇಲೆ ಕಾಲಿಡಬಾರದು. ಮಧ್ಯಾಹ್ನ 2ಕ್ಕೆ ಕಂಟ್ರೋಲುಗಳನ್ನು ಎತ್ತಲು ಶುರು ಮಾಡುತ್ತಾರೆ. ಓಟ ಅರ್ಧಕ್ಕೆ ಬಿಟ್ಟರೂ ವಾಪಸ್ ಬಂದು ಚಿಪ್ ಓದಿಸಲೇಬೇಕು. ಕೊನೆಯದನ್ನು ಹಗುರವಾಗಿ ತಗೊಳ್ಳಬೇಡಿ. ಬೇಜಾರಾಗಿ ಸೀದಾ ಬಸ್ ಹತ್ತಿ ಮನೆಗೆ ಹೋದರೆ ಇಲ್ಲಿ ಸಂಜೆ ತನಕ ಜನ ಕಾಡಿನಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ. ಸೀಟಿ ಕಡ್ಡಾಯ. ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಜೇಬಿನಲ್ಲಿ ಇಟ್ಟುಕೊಳ್ಳಿ ಅಂದಿದ್ದರು. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಮೈಗೆ ತಾಗಿಕೊಂಡಿದ್ದರೆ ಉಳಿಯುತ್ತದೆ.

ಹೆಸರು ಕೊಡುವ ಮೇಜಿನ ಮುಂದೆ ಅರ್ಧ ಗಂಟೆ ಸಾಲು. ಅಲ್ಲಿಂದ ಸ್ಟಾರ್ಟಿಗೆ 900 ಮೀಟರ್ ನಡಿಗೆ, ಅಲ್ಲಿ ಮತ್ತೆ ಕಾಯುವುದು. ಕಾಯುವಾಗ ಹಾಕಿಕೊಳ್ಳಲು ಒಂದು ಹಳೆಯ ದಪ್ಪ ಸ್ವೆಟರ್ ಬೇಕೇ ಬೇಕು. ಸ್ಟಾರ್ಟಿನಲ್ಲಿ ಬಿಟ್ಟರೆ ಅವರೇ ಕೆಳಗೆ ತಂದಿಡುತ್ತಾರಾ ಅಂತ ಮೊದಲೇ ವಿಚಾರಿಸಿ. ನಮ್ಮಲ್ಲಿ ತಂದಿಡಲಿಲ್ಲ, ಆಮೇಲೆ ಒದ್ದೆ ಮೈಯಲ್ಲಿ ಮತ್ತೆ 900 ಮೀಟರ್ ಹತ್ತಿ ಹೋಗಿ ತಂದೆ.

ಇಂಥ ಸಣ್ಣ ಸ್ಪರ್ಧೆಗಳಲ್ಲಿ ಸ್ಟಾರ್ಟಿಗೆ ಗೊತ್ತಾದ ಸಮಯ ಇರುವುದಿಲ್ಲ. ಹತ್ತೂವರೆಯಿಂದ ಹನ್ನೆರಡರ ಒಳಗೆ ಯಾವಾಗ ಬೇಕಾದರೂ ಹೊರಡಬಹುದು. ಹಿಮ ಇದ್ದಾಗ ಇದರಲ್ಲೊಂದು ಲೆಕ್ಕಾಚಾರ ಇದೆ. ಮೊದಲು ಹೊರಟವರು ಮೊಣಕಾಲುದ್ದ ಹಿಮವನ್ನು ತುಳಿದು ದಾರಿ ಮಾಡಬೇಕು. ತಡವಾಗಿ ಹೊರಟವರಿಗೆ ಆ ದಾರಿ ಪುಕ್ಕಟೆ. ಹಾಗಂತ ತೀರಾ ತಡ ಮಾಡಿದರೆ 2 ಗಂಟೆಯ ಗಡುವು ಕುತ್ತಿಗೆಗೆ ಬರುತ್ತದೆ. ನಾನು ಹನ್ನೊಂದರ ಸುಮಾರಿಗೆ ಹೊರಟೆ.

ಬೀಪ್ ಆದ ಮೇಲಷ್ಟೇ ನಕ್ಷೆ ಮುಟ್ಟಬೇಕು. ಮೊದಲ ಕಂಟ್ರೋಲ್ ಸುಲಭದ್ದು, ಕಾಲುದಾರಿ ಪಕ್ಕದ ದಿಬ್ಬ. ಅಂದರೆ ನಕ್ಷೆಯಲ್ಲಿ ಕಾಲುದಾರಿ. ನೆಲದ ಮೇಲೆ ಅದರ ಸುಳಿವೂ ಇರಲಿಲ್ಲ. ಮರಗಳ ನಡುವೆ ಎಲ್ಲ ಕಡೆ ಒಂದೇ ಬಿಳಿ. ದಿಬ್ಬ ಮಾತ್ರ ದಿಬ್ಬವಾಗಿಯೇ ಇತ್ತು. ಅದನ್ನೇ ನೋಡಿಕೊಂಡು ಹೋದೆ, ಸಿಕ್ಕಿತು.

ಎರಡನೆಯದಕ್ಕೆ ಹೋಗುವಾಗ ಹೆಜ್ಜೆಗುರುತುಗಳ ಹಾವಳಿ ಶುರುವಾಯಿತು. ಹಿಮದ ಮೇಲೆ ಏಳೆಂಟು ಜನ ಓಡಿದ ಅಚ್ಚುಕಟ್ಟಾದ ಜಾಡು, ನಾನು ಹೋಗಬೇಕಾದ ದಿಕ್ಕಿಗೇ. ಅದನ್ನು ಬಿಟ್ಟು ಪಕ್ಕದಲ್ಲಿ ಹೊಸ ಹಿಮ ತುಳಿಯಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಜಾಡು ಹಿಡಿದು ಹೋಗುವುದರಲ್ಲಿ ತಪ್ಪೇನೂ ಇಲ್ಲ, ನಿಯಮದ ಪ್ರಕಾರವೂ ಇಲ್ಲ. ಆದರೆ ಒಂದೇ ಕಾಡಿನಲ್ಲಿ ಐದಾರು ಬಣ್ಣದ ಓಟಗಳು ನಡೆಯುತ್ತಿರುತ್ತವೆ. ಆ ಜಾಡು ಯಾವ ಓಟದ್ದು ಅಂತ ಅದರ ಮೇಲೆ ಬರೆದಿರುವುದಿಲ್ಲ, ಅಲ್ವಾ? ಅದಕ್ಕೇ ಪ್ರತಿ ಕಂಟ್ರೋಲಿಗೂ ಒಂದು ಕೋಡ್ ನಂಬರ್ ಇದೆ. ನಿಮ್ಮ ಓಟದ ಕಂಟ್ರೋಲುಗಳ ಪಟ್ಟಿ ಇರುವ ಚೀಟಿಯಲ್ಲಿನ ನಂಬರೂ ಗುರುತಿನ ಮೇಲಿನ ನಂಬರೂ ಒಂದೇ ಆಗಿದ್ದರೆ ಮಾತ್ರ ಚಿಪ್ ತೂರಿಸಿ. ಆ ಜಾಡಿನ ಕೊನೆಯಲ್ಲಿ ಕಂಡಿದ್ದು 58. ನನಗೆ ಬೇಕಿದ್ದು 43. ಅದು ಇನ್ನೂ ನೂರು ಮೀಟರ್ ಆಚೆ, ದಿಣ್ಣೆಯ ಇನ್ನೊಂದು ಮಗ್ಗುಲಲ್ಲಿ ಇತ್ತು.

ಮೂರನೆಯದು ಕಡಿದಾದ ಬಂಡೆಯ ಬುಡದಲ್ಲಿ. ಗುರುತಿನ ಬಟ್ಟೆ ಸೆಟೆದುಕೊಂಡು ಹಲಗೆಯಾಗಿತ್ತು. ಪೆಟ್ಟಿಗೆಯ ತೂತಿನ ತುಂಬ ಹಿಮ. ಕಡ್ಡಿ ತೂರಿಸಿದೆ, ಶಬ್ದ ಇಲ್ಲ. ಬಾಯಿಂದ ಊದಿದೆ, ಹಿಮ ಕರಗಿ ಅಲ್ಲೇ ಗಟ್ಟಿಯಾಯಿತು. ಕೊನೆಗೆ ಕೈಗವಸು ತೆಗೆದು, ಒಣ ಕಡ್ಡಿಯೊಂದನ್ನು ಮುರಿದು, ತೂತನ್ನು ಕೆರೆದು ಸ್ವಚ್ಛ ಮಾಡಿದೆ. ಬೀಪ್ ಕೇಳಿಸಿತು. ಅಷ್ಟರಲ್ಲಿ ಬೆರಳುಗಳಿಗೆ ಜೀವವೇ ಇರಲಿಲ್ಲ. ಪೆಟ್ಟಿಗೆ ಪೂರ್ತಿ ಕೈಕೊಟ್ಟರೆ ಏನು ಮಾಡಬೇಕು ಗೊತ್ತಿರಲಿ: ಕಂಬಕ್ಕೆ ಮುಳ್ಳಿನ ಪಂಚ್ ಒಂದು ಕಟ್ಟಿದ್ದರೆ, ಅದರಿಂದ ನಕ್ಷೆಯ ಅಂಚಿನ ಖಾಲಿ ಚೌಕದಲ್ಲಿ ತೂತು ಹಾಕಿಕೊಂಡು ಬರಬೇಕು. ಕೊನೆಯಲ್ಲಿ ಅದನ್ನು ತೋರಿಸಿದರೆ ಒಪ್ಪುತ್ತಾರೆ.

ನಾಲ್ಕನೆಯದಕ್ಕೆ ಉದ್ದನೆಯ ಲೆಗ್, ಅಂದರೆ ಒಂದು ಕಂಟ್ರೋಲಿನಿಂದ ಇನ್ನೊಂದರವರೆಗಿನ ಹಾದಿ. ನಡುವೆ ಸರೋವರದ ಒಂದು ಚಾಚು. ಐಸಿನ ಮೇಲೆ ಅಡ್ಡ ಹಾದರೆ ಮುನ್ನೂರು ಮೀಟರ್. ದೂರದಲ್ಲಿ ಮಕ್ಕಳು ಸ್ಕೇಟಿಂಗ್ ಬೇರೆ ಮಾಡುತ್ತಿದ್ದರು. ಆದರೆ ಹಳ್ಳ ಬಂದು ಸೇರುವ ಕಡೆ ಐಸ್ ತೆಳುವಾಗಿರುತ್ತದೆ, ಹಿಮ ಮುಚ್ಚಿದ್ದರೆ ಅದು ಕಾಣುವುದೂ ಇಲ್ಲ. ನಾನು ದಿಣ್ಣೆ ಹತ್ತಿ ಸುತ್ತು ಹೊಡೆದೆ.

ಇಲ್ಲೇ ಒಂದು ಮಾತು ಹೇಳಬೇಕು. ನಮ್ಮ ಮಲೆನಾಡಿನ ಕಾಡಿನಲ್ಲಿ ದಾರಿ ತಿಳಿಯದಿದ್ದರೆ ಹಳ್ಳ ಹಿಡಿದು ಇಳಿ ಅನ್ನುತ್ತಾರೆ. ಹಳ್ಳ ದೊಡ್ಡ ಹಳ್ಳಕ್ಕೆ, ಅದು ಹೊಳೆಗೆ, ಹೊಳೆ ಪಕ್ಕ ಯಾವುದಾದರೂ ಗದ್ದೆ, ಮನೆ. ಇಲ್ಲಿ ಆ ಬುದ್ಧಿ ನಡೆಯಲ್ಲ. ಹಿಮಯುಗದ ಹಿಮನದಿಗಳು ಉಜ್ಜಿ ಕೆರೆದು ಬಿಟ್ಟುಹೋದ ನೆಲ ಇದು. ಸಣ್ಣ ಸಣ್ಣ ಬಂಡೆ ಗುಡ್ಡ, ನಡುನಡುವೆ ತಗ್ಗು, ತಗ್ಗಿನಲ್ಲಿ ನೀರು ಎಲ್ಲಿಗೂ ಹೋಗದೆ ನಿಂತು ಜವುಗು. ಇಳಿಯುತ್ತಾ ಹೋದರೆ ಊರು ಸಿಗುವುದಿಲ್ಲ, ಜವುಗಿನಲ್ಲಿ ನಿಲ್ಲುತ್ತೀರಿ.

ನಾನು ನಿಂತೆ ಕೂಡ. ಮೈನಸ್ ಆರರಲ್ಲಿ ಜವುಗು ಕಲ್ಲಾಗಿರುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಚಳಿ ಬಲಿಯುವ ಮೊದಲೇ ಹಿಮ ಬಿದ್ದರೆ ಅದೇ ಹೊದಿಕೆಯಾಗಿ ಕೆಳಗಿನ ನೀರು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಮೇಲೆ ಕಾಯಿಸಿಟ್ಟ ಹಾಲಿನ ಕೆನೆಯಷ್ಟು ತೆಳು ಪದರ. ನಾಲ್ಕು ಹೆಜ್ಜೆ ತಡೆಯಿತು, ಐದನೆಯದಕ್ಕೆ ಎಡಗಾಲು ಮೊಣಕಾಲಿನವರೆಗೆ ಒಳಕ್ಕೆ. ಕಪ್ಪು ನೀರು. ಅದರ ತಣ್ಣನೆ ಮೊದಲು ಉರಿಯಾಗಿಯೇ ತಿಳಿಯಿತು. ಪಕ್ಕದ ಸಣ್ಣ ಪೈನ್ ಹಿಡಿದು ಕಾಲು ಎಳೆದುಕೊಂಡೆ, ಶೂ ಕಾಲಲ್ಲೇ ಉಳಿದಿದ್ದು ಪುಣ್ಯ. ಲೇಸನ್ನು ಗಂಟಿನ ಮೇಲೆ ಗಂಟು ಹಾಕಿ ಟೇಪು ಸುತ್ತಿ ಅಂತ ಪಳಗಿದವರು ಹೇಳುವುದು ಇದಕ್ಕೇ. ಇಂಥ ಹೊತ್ತಲ್ಲಿ ನಿಂತು ಮರುಗುತ್ತಾ ಕೂರಬಾರದು. ಓಡುತ್ತಲೇ ಇದ್ದರೆ ಐದು ನಿಮಿಷದಲ್ಲಿ ಕಾಲ್ಚೀಲದೊಳಗಿನ ನೀರು ಮೈಬಿಸಿಗೆ ಬೆಚ್ಚಗಾಗುತ್ತದೆ. ಹತ್ತಿಯ ಕಾಲ್ಚೀಲವಾದರೆ ಆಗುವುದಿಲ್ಲ.

ಐದು, ಆರರ ನಡುವೆ ನಕ್ಷೆಯಲ್ಲಿ ಕಡು ಹಸಿರು. ಎಳೆಯ ಸ್ಪ್ರೂಸ್ ಮರಗಳು ಒತ್ತೊತ್ತಾಗಿ, ಕೊಂಬೆಗಳ ಮೇಲೆ ಹಿಮದ ಹೊರೆ. ತಾಗಿದರೆ ಸಾಕು, ಎಲ್ಲ ಕುತ್ತಿಗೆಯೊಳಗೆ. ನನಗೆ ಕನ್ನಡಕ. ಮುಖದ ಬಿಸಿಗೆ ಗಾಜು ಮಂಜಾಗುತ್ತದೆ, ಒರೆಸಿದರೆ ಕೈಗವಸಿನ ಹಿಮ ಅಂಟುತ್ತದೆ, ತೆಗೆದರೆ ನಕ್ಷೆ ಕಾಣುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಬರುವವರು ಹಾಕಿಕೊಳ್ಳಿ. ನಾನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಬಾಯಿಯಿಂದ ಕೆಳಕ್ಕೆ ಉಸಿರು ಬಿಡುತ್ತಾ ಸಾಗಿದೆ.

ಆ ದಟ್ಟಣೆಯಿಂದ ಹೊರಬಂದಾಗ ಮೇಲಿನಿಂದಲೂ ಹಿಮ ಬೀಳಲು ಶುರುವಾಗಿತ್ತು. ಜಾಡುಗಳೆಲ್ಲ ಮಸುಕಾಗುತ್ತಿದ್ದವು. ಯಾರ ದನಿಯೂ ಇಲ್ಲ. ಹಿಮ ಇರುವ ಕಾಡಿನಲ್ಲಿ ಶಬ್ದ ದೂರ ಹೋಗುವುದಿಲ್ಲ, ಐವತ್ತು ಮೀಟರ್ ಆಚೆ ಓಡುತ್ತಿರುವವರೂ ಕೇಳಿಸುವುದಿಲ್ಲ. ಎದೆ ಢವಢವ ಅಂದಿದ್ದು ನಿಜ. ನಕ್ಷೆಯ ಮೇಲೆ ನಾನು ಎಲ್ಲಿದ್ದೇನೆ ಅಂತ ಬೆರಳಿಡಲು ಆಗುತ್ತಿರಲಿಲ್ಲ. ಕಪ್ಪು ಚುಕ್ಕೆಗಳು, ಅಂದರೆ ಬಂಡೆಗಳು, ನಕ್ಷೆಯಲ್ಲಿ ಹತ್ತಾರು. ಕಣ್ಣೆದುರು ಇದ್ದದ್ದು ಹಿಮದ ಗುಪ್ಪೆಗಳು. ಯಾವುದರ ಒಳಗೆ ಬಂಡೆ, ಯಾವುದರ ಒಳಗೆ ಬಿದ್ದ ಮರದ ಬೊಡ್ಡೆ ಅಂತ ಹೇಳುವುದು ಹೇಗೆ? ತೆರವಾದ ಜಾಗ ಕಂಡರೆ ಅದು ಬಯಲೋ ಜವುಗೋ ಗೊತ್ತಾಗಲ್ಲ.

ಆಗ ಜನವರಿಯ ಆ ಕಂದು ನಕ್ಷೆ ನೆನಪಾಯಿತು. ನಿಂತೆ. ಕಂಪಾಸ್ ನೋಡಿ ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿದೆ. ಬಂಡೆ, ದಾರಿ, ಬಯಲು ಎಲ್ಲ ಮನಸ್ಸಿನಿಂದ ತೆಗೆದುಹಾಕಿದೆ. ನೆಲ ಯಾವ ಕಡೆ ಏರುತ್ತದೆ? ಬಲಕ್ಕೆ, ಕಡಿದಾಗಿ. ಎಡಕ್ಕೆ? ಉದ್ದನೆಯ ತಗ್ಗು, ಹೆಚ್ಚು ಕಮ್ಮಿ ಉತ್ತರ ದಕ್ಷಿಣ. ತಗ್ಗಿನ ಆಚೆ ಎರಡು ತಲೆಯ ಗುಡ್ಡ, ನಡುವೆ ಕುದುರೆ ಜೀನಿನಂಥ ಇಳಿಕೆ. ಎರಡು ತಲೆಯ ಗುಡ್ಡ ನಕ್ಷೆಯ ಆ ಭಾಗದಲ್ಲಿ ಒಂದೇ ಒಂದು ಇತ್ತು. ಆಮೇಲೆ ಮಿಕ್ಕಿದ್ದೆಲ್ಲ ಸರಸರ ಕೂಡಿಕೊಂಡಿತು. ಕಂಟ್ರೋಲ್ ಆ ಇಳಿಕೆಯಲ್ಲೇ. ಹಿಮ ಎಷ್ಟೇ ಬೀಳಲಿ, ಗುಡ್ಡದ ಆಕಾರ ಬದಲಾಗುವುದಿಲ್ಲ. ಚಳಿಗಾಲದಲ್ಲಿ ಓಡುವವರು ಒಂದೇ ಒಂದು ಅಭ್ಯಾಸಕ್ಕೆ ಪುರುಸೊತ್ತು ಮಾಡಿಕೊಳ್ಳುವುದಾದರೆ ಈ ಕಂದು ಗೆರೆ ಓದುವುದನ್ನು ಮಾಡಿ. ಶೂ, ಕಂಪಾಸ್ ಎಲ್ಲ ಆಮೇಲೆ.

ಉಳಿದ ಕಂಟ್ರೋಲುಗಳಲ್ಲಿ ಹೇಳುವಂಥದ್ದೇನಿಲ್ಲ. ಎಂಟನೆಯದರ ಹತ್ತಿರ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು "ಹೇಯ್" ಅಂತ ನಗುತ್ತಾ ನನ್ನನ್ನು ಹಿಂದೆ ಹಾಕಿ ಹೋದರು. ಇಲ್ಲಿ ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು. ಅವರ ವಯಸ್ಸಿನವರಿಗೇ ಪ್ರತ್ಯೇಕ ಕ್ಲಾಸುಗಳಿವೆ, ಅವುಗಳಲ್ಲೂ ಪೈಪೋಟಿ ಜೋರು.

ಮುಗಿಸಿದಾಗ ಒಂದು ಗಂಟೆ ದಾಟಿತ್ತು. ಚಿಪ್ ಓದಿಸಿದರೆ ಪುಟ್ಟ ರಸೀದಿ ಬರುತ್ತದೆ, ಪ್ರತಿ ಕಂಟ್ರೋಲಿಗೆ ಎಷ್ಟು ಹೊತ್ತು ಅಂತ. ನನ್ನದು ಒಟ್ಟು 1 ಗಂಟೆ 52 ನಿಮಿಷ. ಗೆದ್ದವಳದು 48 ನಿಮಿಷ. ನನ್ನ ಮುಂದಿದ್ದ ಹುಡುಗನೊಬ್ಬ ನನಗಿಂತ ಅರ್ಧ ಗಂಟೆ ಬೇಗ ಮುಗಿಸಿದ್ದ, ಆದರೆ ಒಂದು ಕಂಟ್ರೋಲಿನ ಕೋಡ್ ಬೇರೆಯಾಗಿತ್ತು. ಒಂದು ತಪ್ಪಿದರೂ ಫಲಿತಾಂಶ ಇಲ್ಲ. ಪಾಪ, ರಸೀದಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಓಟ ಮುಗಿದ ಐದು ನಿಮಿಷದೊಳಗೆ ಒದ್ದೆ ಬಟ್ಟೆ ಬದಲಾಯಿಸಿ. ಮೈ ಬಿಸಿ ಇದೆ ಅಂತ ಮಾತಾಡುತ್ತಾ ನಿಂತರೆ ಆಮೇಲೆ ನಡುಕ ನಿಲ್ಲುವುದಿಲ್ಲ. ಬಿಸಿ ಬ್ಲೂಬೆರಿ ಸೂಪ್ ಕೊಡುತ್ತಾರೆ, ಸಿಹಿ ಸಿಹಿ, ದಪ್ಪಗೆ. ಮೊದಲು ವಿಚಿತ್ರ ಅನ್ನಿಸುತ್ತದೆ, ಎರಡನೇ ಲೋಟ ನೀವೇ ಕೇಳುತ್ತೀರಿ. ಮಾರಾಟಕ್ಕೆ ಇರುವುದು ಹೆಚ್ಚಾಗಿ ಸಾಸೇಜು. ಸಸ್ಯಾಹಾರಿಗಳು ಏಲಕ್ಕಿ ಬನ್ನಿನಲ್ಲೇ ಸಮಾಧಾನ ಮಾಡಿಕೊಳ್ಳಬೇಕು. ನಾನು ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದೆ, ತಣ್ಣಗೆ ಕಲ್ಲಾಗಿತ್ತು. ಫ್ಲಾಸ್ಕಿನಲ್ಲಿ ಬಿಸಿ ಸಾರು ತರುವುದೇ ಸರಿ.

ಸಂಜೆ ಲೈವ್‌ಲಾಕ್ಸ್ ಅನ್ನೋ ಆ್ಯಪಿನಲ್ಲಿ ನನ್ನ ವಾಚಿನ ಜಾಡು ಹಾಕಿ ಗೆದ್ದವಳದರ ಜೊತೆ ಇಟ್ಟು ನೋಡಿದೆ. ನಾಲ್ಕನೆಯದಕ್ಕೆ ಅವಳು ದಿಣ್ಣೆ ಹತ್ತಲೇ ಇಲ್ಲ. ದೂರ ಆದರೂ ಸರಿ ಅಂತ ಸರೋವರದ ದಂಡೆಗೆ ಇಳಿದು, ಗಟ್ಟಿಯಾಗಿ ತುಳಿದಿದ್ದ ನಡಿಗೆ ದಾರಿಯಲ್ಲಿ ಸುತ್ತಿ ಹೋಗಿದ್ದಳು. ಆಳ ಹಿಮ ಇದ್ದಾಗ ನೇರ ದಾರಿಗಿಂತ ಇಂಥ ಸುತ್ತುದಾರಿ ಎಷ್ಟೋ ಬೇಗ.

ವಸಂತದಲ್ಲಿ ಶುರು ಮಾಡುವವರಿಗೆ ಇನ್ನೊಂದು ವಿಷಯ. ಹಿಮದಲ್ಲಿ ಉಣುಗಿನ ಕಾಟ ಇಲ್ಲ. ಬಿಸಿಲು ಬಂದ ಮೇಲೆ ಇದೆ. ಶಿವಮೊಗ್ಗ ಕಡೆಯವರಿಗೆ ಉಣುಗು ಅಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. ಇಲ್ಲಿ ಉಣುಗು ಹರಡುವ ಮಿದುಳು ಜ್ವರ ಟಿಬಿಇ ಕೂಡ ಅದೇ ಬಳಗದ ವೈರಸ್ಸಿನದು, ಸ್ಟಾಕ್‌ಹೋಮ್ ಸುತ್ತಮುತ್ತ ಅದು ಇದೆ. ಲಸಿಕೆ ಸಿಗುತ್ತದೆ, ಒಂದೇ ಡೋಸಿಗೆ ಮುಗಿಯುವುದಿಲ್ಲ. ಹಾಗಾಗಿ ಚಳಿಗಾಲದಲ್ಲೇ ಶುರು ಮಾಡಿಬಿಡಿ.

ಕ್ಲಬ್ಬಿನವರು ಮಾರ್ಚಿನ ರಾತ್ರಿ ಓಟಕ್ಕೆ ಕರೆದಿದ್ದಾರೆ. ಒಳ್ಳೆಯ ಹೆಡ್‌ಲ್ಯಾಂಪಿಗೆ ಸಾವಿರಾರು ಕ್ರೋನಾ. ಕ್ಲಬ್ಬಿನಲ್ಲೇ ಎರವಲು ಸಿಗುತ್ತದಂತೆ. ಕೊಳ್ಳುವ ಮೊದಲು ಅದರಲ್ಲೇ ಒಂದು ಸಲ ಓಡಿ ನೋಡುವವಳಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.